ಕಾಕರ್ ಸ್ಪ್ಯಾನಿಯಲ್ ಸಾಕುವುದು ಹೇಗೆ: ಮೈಸೂರು-ಮಂಡ್ಯ ಸೀಮೆಯವರಿಗೊಂದು ಮಾರ್ಗದರ್ಶಿ

ಮೈಸೂರಿನ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ನೆಲಕ್ಕೆ ಮೂಗು ಹಚ್ಚಿ, ಉದ್ದನೆಯ ಕಿವಿಗಳನ್ನು ಜೋಲಾಡಿಸುತ್ತ, ಬಾಲವನ್ನು ಕ್ಷಣವೂ ನಿಲ್ಲಿಸದೆ ಯಜಮಾನರ ಮುಂದೆ ಓಡುವ ನಡುಗಾತ್ರದ ನಾಯಿಯನ್ನು ಕಂಡು ಮನಸೋತು, ಅಂಥದೇ ಒಂದು ಮರಿಯನ್ನು ಮನೆಗೆ ತಂದವರು ಬಹಳ ಮಂದಿ. ತಂದ ಕೆಲವೇ ತಿಂಗಳಲ್ಲಿ ಕಿವಿ ಸೋರುತ್ತದೆ, ಹೊಟ್ಟೆಯ ಕೆಳಗಿನ ಕೂದಲು ಗಂಟು ಕಟ್ಟುತ್ತದೆ, ಬೇಸಿಗೆ ಬಂದರೆ ನಾಯಿ ನೆಲ ಬಿಟ್ಟು ಏಳುವುದಿಲ್ಲ. ಇವು ನಾಯಿಯ ದೋಷಗಳಲ್ಲ. ತಂಪು ಸೀಮೆಯ ಪೊದೆಗಳಲ್ಲಿ ಹಕ್ಕಿ ಎಬ್ಬಿಸಲೆಂದು ರೂಪುಗೊಂಡ ಮೈಯನ್ನು ನಮ್ಮ ಬಿಸಿಲು, ನಾಲೆ, ಗದ್ದೆ, ಕಬ್ಬಿನ ತೋಟಗಳ ನಡುವೆ ತಂದಿರಿಸಿದ ಮೇಲೆ ಅದಕ್ಕೆ ತಕ್ಕ ಆರೈಕೆಯನ್ನು ಮಾಡುವ ಹೊಣೆ ನಮ್ಮದು. ಆ ಆರೈಕೆಯ ಕಾರಣಗಳೆಲ್ಲ ತಳಿಯ ಇತಿಹಾಸದಲ್ಲೇ ಇರುವುದರಿಂದ ಮೊದಲು ಅದನ್ನು ತಿಳಿಯುವುದು ಒಳ್ಳೆಯದು.

ತಳಿಯ ಹಿನ್ನೆಲೆ

ಇಂಗ್ಲೆಂಡಿನಲ್ಲಿ ಸ್ಪ್ಯಾನಿಯಲ್ ಜಾತಿಯ ನಾಯಿಗಳು ಬಹಳ ಹಳೆಯವು. ವೈದ್ಯ ಜಾನ್ ಕೀಸ್ 1570ರಲ್ಲಿಯೇ ಬ್ರಿಟನ್ನಿನ ನಾಯಿಗಳನ್ನು ವರ್ಗೀಕರಿಸುವಾಗ ನೆಲದ ಮೇಲೆ ಬೇಟೆಯಾಡುವ ಸ್ಪ್ಯಾನಿಯಲ್‌ಗಳನ್ನೂ ನೀರಿನಲ್ಲಿ ಕೆಲಸ ಮಾಡುವ ಸ್ಪ್ಯಾನಿಯಲ್‌ಗಳನ್ನೂ ಬೇರೆ ಬೇರೆಯಾಗಿ ಹೆಸರಿಸಿದ್ದರು. ನೆಲದ ಸ್ಪ್ಯಾನಿಯಲ್‌ಗಳಲ್ಲಿ ದೊಡ್ಡವು ಸ್ಪ್ರಿಂಗರ್ ಎಂದೂ, ಪೊದೆಗಳೊಳಗೆ ನುಗ್ಗಿ ವುಡ್‌ಕಾಕ್ ಎಂಬ ಹಕ್ಕಿಯನ್ನು ಎಬ್ಬಿಸುತ್ತಿದ್ದ ಚಿಕ್ಕವು ಕಾಕರ್ ಎಂದೂ ಕರೆಸಿಕೊಂಡವು. ಒಂದೇ ತಾಯಿಯ ಒಂದೇ ಸೂಲಿನ ಮರಿಗಳಲ್ಲಿ ಕೆಲವು ಸ್ಪ್ರಿಂಗರ್, ಕೆಲವು ಕಾಕರ್ ಆಗುತ್ತಿದ್ದ ಕಾಲವೂ ಇತ್ತು, ಏಕೆಂದರೆ ಆಗ ತೂಕವೊಂದೇ ಅವುಗಳನ್ನು ಬೇರ್ಪಡಿಸುವ ಗೆರೆಯಾಗಿತ್ತು. ಸುಮಾರು 11 ಕಿಲೋ ಒಳಗಿದ್ದರೆ ಮಾತ್ರ ಕಾಕರ್ ಎಂಬ ಆ ಮಿತಿ 1901ರವರೆಗೂ ಉಳಿದಿತ್ತು.

1879ರಲ್ಲಿ ಹುಟ್ಟಿದ, ಜೇಮ್ಸ್ ಫ್ಯಾರೋ ಎಂಬವರ 'ಓಬೋ' ಎಂಬ ಗಂಡು ನಾಯಿಯನ್ನು ಇಂದಿನ ಇಂಗ್ಲಿಷ್ ಕಾಕರ್‌ನ ಮೂಲಪುರುಷನೆಂದು ತಳಿಗಾರರು ಪರಿಗಣಿಸುತ್ತಾರೆ. ಅದರ ಸಂತತಿಯ 'ಓಬೋ ದ್ವಿತೀಯ' ಅಮೆರಿಕದ ಸಾಲಿಗೆ ಮೂಲವಾಯಿತು. ಕಾಲಕ್ರಮದಲ್ಲಿ ಅಮೆರಿಕದ ಕಾಕರ್ ಗಾತ್ರದಲ್ಲಿ ಕಿರಿದಾಗಿ, ತಲೆ ಗುಂಡಗಾಗಿ, ಮೂತಿ ಗಿಡ್ಡವಾಗಿ, ಕೂದಲು ಬಹಳ ದಟ್ಟವಾದದ್ದರಿಂದ ನಾಯಿ ತಳಿಗಳನ್ನು ದಾಖಲಿಸುವ ಅಮೆರಿಕನ್ ಕೆನಲ್ ಕ್ಲಬ್ 1946ರಲ್ಲಿ ಎರಡನ್ನೂ ಪ್ರತ್ಯೇಕ ತಳಿಗಳೆಂದು ಮಾನ್ಯ ಮಾಡಿತು. ಬ್ರಿಟನ್ನಿನಲ್ಲಿ 1930ರಿಂದ 1950ರವರೆಗಿನ ಅವಧಿಯಲ್ಲಿ ಕ್ರಫ್ಟ್ಸ್ ಎಂಬ ನಾಯಿಗಳ ಪ್ರದರ್ಶನದ ಅತ್ಯುನ್ನತ ಪ್ರಶಸ್ತಿಯನ್ನು ತಳಿಗಾರ ಎಚ್. ಎಸ್. ಲಾಯ್ಡ್ ಅವರ 'ಆಫ್ ವೇರ್' ಮನೆತನದ ಕಾಕರ್‌ಗಳು ಆರು ಬಾರಿ ಗೆದ್ದವು. ಬೇಟೆಯ ನಾಯಿ ಮನೆಯ ನಾಯಿಯಾಗಿ ಬದಲಾದದ್ದು ಆ ಜನಪ್ರಿಯತೆಯ ದಿನಗಳಲ್ಲಿಯೇ. ಆದರೆ ಅದರ ಮೂಗು, ಕಿವಿ, ಕೂದಲು, ಓಡುವ ಹಂಬಲ ಯಾವುದೂ ಬದಲಾಗಲಿಲ್ಲ.

ಮೊದಲ ಹೆಜ್ಜೆ: ಈ ನಾಯಿ ನಿಮ್ಮ ಮನೆಗೆ ಒಗ್ಗುತ್ತದೆಯೇ?

ವಯಸ್ಕ ಇಂಗ್ಲಿಷ್ ಕಾಕರ್ ಸುಮಾರು 38ರಿಂದ 41 ಸೆಂಟಿಮೀಟರ್ ಎತ್ತರವಿದ್ದು, 13ರಿಂದ 14.5 ಕಿಲೋ ತೂಗುತ್ತದೆ. ಹನ್ನೆರಡರಿಂದ ಹದಿನಾಲ್ಕು ವರ್ಷ ಬಾಳುತ್ತದೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿಯೂ ಹೊಂದಿಕೊಂಡು ಇರಬಲ್ಲದು, ಆದರೆ ಒಂಟಿಯಾಗಿ ಇರಲಾರದು. ಬೇಟೆಗಾರನ ಬಂದೂಕಿನ ಗುಂಡು ತಲುಪುವ ಅಳತೆಯನ್ನು ದಾಟದೆ, ಯಜಮಾನನ ಸನ್ನೆಗೆ ಕಾಯುತ್ತ, ಆತನ ಕಣ್ಣಳತೆಯಲ್ಲಿಯೇ ದುಡಿದ ನಾಯಿ ಇದು. ಮನುಷ್ಯರ ಹಿಂದೆ ಮುಂದೆ ಸುಳಿಯುವುದು ಅದರ ರಕ್ತದಲ್ಲಿಯೇ ಇದೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟು ಸಂಜೆ ಹಿಂದಿರುಗುವ, ನಡುವೆ ನೋಡಿಕೊಳ್ಳುವವರು ಯಾರೂ ಇಲ್ಲದ ಮನೆಯಲ್ಲಿ ಕಾಕರ್ ಬೊಗಳಿ, ಬಾಗಿಲು ಕೆರೆದು, ತನ್ನ ಪಾದವನ್ನೇ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಅಂಥವರು ಈ ತಳಿಯನ್ನು ತರದಿರುವುದೇ ಅದಕ್ಕೆ ಮಾಡುವ ಉಪಕಾರ.

ಮಂಡ್ಯದ ತೋಟದ ಮನೆಗಳಲ್ಲಿ ನಾಯಿಯನ್ನು ಕಣದ ಬದಿಯಲ್ಲಿ ಚೈನಿಗೆ ಕಟ್ಟಿ ಕಾವಲಿಗೆ ಇರಿಸುವ ರೂಢಿ ಇದೆ. ಕಾಕರ್ ಅದಕ್ಕೆ ಹೇಳಿ ಮಾಡಿಸಿದ ನಾಯಿಯಲ್ಲ. ಹೊಸಬರನ್ನು ಕಂಡರೆ ಎರಡು ಸಲ ಬೊಗಳಿ, ಮೂರನೆಯದಕ್ಕೆ ಬಾಲ ಆಡಿಸುತ್ತದೆ. ತೋಟ ಕಾಯಲು ನಾಯಿ ಬೇಕಾದವರು ನಮ್ಮ ನಾಟಿ ನಾಯಿಯ ಮರಿಯನ್ನು ಪ್ರೀತಿಯಿಂದ ಸಾಕಿದರೆ ಆ ಕೆಲಸ ಇದಕ್ಕಿಂತ ನೂರು ಪಾಲು ಚೆನ್ನಾಗಿ ಆಗುತ್ತದೆ.

ಎರಡನೆಯ ಹೆಜ್ಜೆ: ಮರಿಯ ಆಯ್ಕೆ

ನಾಯಿಮರಿಗಳ ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮೂವತ್ತು, ಮೂವತ್ತೈದು ದಿನಕ್ಕೇ ಮರಿಯನ್ನು ಕೊಡಲು ಮುಂದಾಗುವವರ ಬಳಿ ಕೊಳ್ಳಬೇಡಿ. ತಾಯಿಯ ಮತ್ತು ಒಡಹುಟ್ಟುಗಳ ಜೊತೆ ಕಳೆಯುವ ಆ ಕೊನೆಯ ವಾರಗಳಲ್ಲಿಯೇ ಮರಿ ಎಷ್ಟು ಗಟ್ಟಿಯಾಗಿ ಕಚ್ಚಬಾರದು ಎಂಬುದನ್ನು ಕಲಿಯುತ್ತದೆ. ಮರಿಯನ್ನು ತಾಯಿಯ ಜೊತೆಯಲ್ಲಿಯೇ, ಅದು ಹುಟ್ಟಿದ ಜಾಗದಲ್ಲಿಯೇ ನೋಡಲು ಕೇಳಿ. ತಾಯಿ ನಾಯಿ ಅಪರಿಚಿತರ ಬಳಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಮರಿಯ ಮುಂದಿನ ಸ್ವಭಾವಕ್ಕೆ ಬಹಳ ಒಳ್ಳೆಯ ಸುಳಿವು.

ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಇದ್ದರೆ ವಂಶಾವಳಿ ತಿಳಿಯುತ್ತದೆಯೇ ಹೊರತು ಆರೋಗ್ಯ ತಿಳಿಯುವುದಿಲ್ಲ. ಈ ತಳಿಯಲ್ಲಿ ವಂಶದಿಂದ ಬರುವ ಎರಡು ಕಾಯಿಲೆಗಳನ್ನು ಹೆಸರು ಹಿಡಿದು ಕೇಳಬೇಕು. ಒಂದು, ಕಣ್ಣಿನ ಅಕ್ಷಿಪಟಲ ಕ್ರಮೇಣ ಸವೆದು ಕುರುಡುತನ ತರುವ ಪಿ.ಆರ್.ಎ. ಇನ್ನೊಂದು, ಎಳೆಯ ವಯಸ್ಸಿನಲ್ಲಿಯೇ ಮೂತ್ರಪಿಂಡ ಕೆಡಿಸುವ ಎಫ್.ಎನ್. ಇವೆರಡಕ್ಕೂ ಡಿಎನ್ಎ ಪರೀಕ್ಷೆ ಇದೆ. ತಂದೆ ತಾಯಿ ಎರಡೂ ದೋಷವಾಹಕಗಳಾಗಿದ್ದಾಗ ಮರಿಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುವುದರಿಂದ, ಇಬ್ಬರಲ್ಲಿ ಒಂದು ನಾಯಿಯ ಫಲಿತಾಂಶವಾದರೂ ದೋಷಮುಕ್ತವಾಗಿರಬೇಕು. ಈ ಪ್ರಶ್ನೆಗೆ ಮುಖ ಸಿಂಡರಿಸುವವರಿಗಿಂತ ಕಾಗದ ತೋರಿಸುವವರ ಮರಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಅಂದಕ್ಕೆಂದು ಬಾಲ ಕತ್ತರಿಸಿದ ಮರಿಯನ್ನು ಕೇಳಿ ತರುವುದು ಬೇಡ. ಈ ನಾಯಿಯ ಮಾತೆಲ್ಲ ಅದರ ಬಾಲದಲ್ಲಿಯೇ ಇದೆ.

ಮೂರನೆಯ ಹೆಜ್ಜೆ: ಮೊದಲ ತಿಂಗಳುಗಳು

ಆರರಿಂದ ಎಂಟು ವಾರದೊಳಗೆ ಡಿಸ್ಟೆಂಪರ್, ಪಾರ್ವೊ ಮೊದಲಾದ ರೋಗಗಳ ವಿರುದ್ಧದ ಲಸಿಕೆ ಆರಂಭವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಮರುಡೋಸ್ ಪಡೆದು ಹದಿನಾರು ವಾರ ತುಂಬುವವರೆಗೆ ಮುಂದುವರಿಯಬೇಕು. ಮೂರು ತಿಂಗಳ ನಂತರ ರೇಬಿಸ್ ಲಸಿಕೆ, ಆಮೇಲೆ ಪಶುವೈದ್ಯರು ಬರೆದುಕೊಟ್ಟಂತೆ ತಪ್ಪದೆ ಮರುಲಸಿಕೆ. ಗದ್ದೆ, ಇಲಿ, ನಿಂತ ನೀರು ಇರುವ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರು ಇಲಿ ಜ್ವರದ, ಅಂದರೆ ಲೆಪ್ಟೋಸ್ಪೈರೋಸಿಸ್‌ನ ಲಸಿಕೆಯೂ ಅದರಲ್ಲಿ ಸೇರಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಜಂತುಹುಳದ ಔಷಧವನ್ನು ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಬಳಿಕ ಮೂರು ತಿಂಗಳಿಗೊಮ್ಮೆ ಕೊಡುವುದು ವಾಡಿಕೆ.

ಲಸಿಕೆಯ ಸರಣಿ ಮುಗಿಯುವವರೆಗೆ ಮರಿಯನ್ನು ಬೀದಿಯ ನೆಲಕ್ಕೆ ಬಿಡಬಾರದು. ಆದರೆ ಲೋಕ ತೋರಿಸದೆಯೂ ಇರಬಾರದು. ಎತ್ತಿಕೊಂಡೇ ಬೀದಿ ಸುತ್ತಿಸಿ, ಆಟೋ, ಸ್ಕೂಟರು, ಕುಕ್ಕರಿನ ಸೀಟಿ, ಮಿಕ್ಸಿ, ತಮಟೆ, ಛತ್ರದ ಓಲಗ ಎಲ್ಲವನ್ನೂ ದೂರದಿಂದ ಕೇಳಿಸಬೇಕು. ಜಂಬೂಸವಾರಿಯ ದಿನ ಸಿಡಿಯುವ 21 ಕುಶಾಲತೋಪಿನ ಸದ್ದಿಗೆ ಬೆದರದಂತೆ ಆನೆ ಕುದುರೆಗಳಿಗೆ ಮೊದಲೇ ತಾಲೀಮು ಕೊಡುವುದನ್ನು ಮೈಸೂರಿನವರೆಲ್ಲ ಬಲ್ಲರು. ಮರಿಗೂ ಅದೇ ಕ್ರಮ ಸಾಕು. ಊಟ ಮಾಡುವಾಗ ಮೊಬೈಲಿನಲ್ಲಿ ಪಟಾಕಿಯ ಸದ್ದನ್ನು ತೀರ ಸಣ್ಣಗೆ ಕೇಳಿಸಿ, ಅದು ಲಕ್ಷ್ಯ ಕೊಡದೆ ತಿನ್ನುತ್ತಿದ್ದರೆ ದಿನಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದರೆ ದೀಪಾವಳಿಯ ರಾತ್ರಿ ನಾಯಿ ಮಂಚದ ಕೆಳಗೆ ನಡುಗುತ್ತ ಕೂರುವುದು ತಪ್ಪುತ್ತದೆ.

ಸ್ವಭಾವ ಮತ್ತು ತರಬೇತಿ

ಕಾಕರ್‌ಗೆ ಗದರಿದರೆ ಕುಗ್ಗುತ್ತದೆ, ಹೊಡೆದರೆ ಹೆದರುತ್ತದೆ, ಹೆದರಿದ ಕಾಕರ್ ಕಚ್ಚುವುದನ್ನು ಕಲಿಯುತ್ತದೆ. ಮೆಲುದನಿ, ತುಣುಕು ತಿಂಡಿ, ಐದೈದು ನಿಮಿಷದ ಪಾಠ, ಇಷ್ಟರಲ್ಲಿಯೇ ಅದು ಕೂರುವುದು, ನಿಲ್ಲುವುದು, ಕರೆದರೆ ಬರುವುದನ್ನು ಬಹಳ ಬೇಗ ಕಲಿತುಬಿಡುತ್ತದೆ.

ಈ ತಳಿಯ ಕೆಲವು ನಾಯಿಗಳಲ್ಲಿ ಬಟ್ಟಲನ್ನೋ, ಕದ್ದ ಕಾಲುಚೀಲವನ್ನೋ, ಸೋಫಾದ ಮೂಲೆಯನ್ನೋ ತನ್ನದೆಂದು ಕಾಯ್ದುಕೊಂಡು ಗುರ್ ಎನ್ನುವ ಗುಣವಿದೆ. ಮನೆಯವರು ಇದನ್ನು ಹಟವೆಂದು ತಿಳಿದು ಬಾಯಿಂದ ಕಿತ್ತುಕೊಳ್ಳುತ್ತಾರೆ. ಕಿತ್ತುಕೊಂಡಷ್ಟೂ ಅದರ ಭಯ ಹೆಚ್ಚುತ್ತದೆ. ಮರಿಯಿದ್ದಾಗಿನಿಂದಲೇ ಬಾಯಲ್ಲಿರುವುದಕ್ಕಿಂತ ರುಚಿಯಾದ ಒಂದು ತುಣುಕು ಕೋಳಿಯನ್ನು ಮುಂದೆ ಹಿಡಿದು, ಅದು ಬಿಟ್ಟ ವಸ್ತುವನ್ನು ತೆಗೆದುಕೊಂಡು, ಅಪಾಯವಿಲ್ಲದ್ದಾದರೆ ಮತ್ತೆ ಅದಕ್ಕೇ ಹಿಂದಿರುಗಿಸಬೇಕು. ಮನುಷ್ಯರ ಕೈ ಹತ್ತಿರ ಬಂದರೆ ಲಾಭವೇ ಎಂಬ ನಂಬಿಕೆ ಹುಟ್ಟಿದ ನಾಯಿ ಗುರ್ ಎನ್ನುವುದಿಲ್ಲ. ಉಣ್ಣುತ್ತಿರುವ ನಾಯಿಯ ಬಳಿಗೆ ಚಿಕ್ಕ ಮಕ್ಕಳನ್ನು ಮಾತ್ರ ಯಾವಾಗಲೂ ಬಿಡಬಾರದು.

ಅದರ ಮೂಗಿಗೆ ದಿನವೂ ಕೆಲಸ ಬೇಕು. ಮನೆಯೊಳಗೆ ನಾಲ್ಕು ಕಡೆ ತಿಂಡಿ ಬಚ್ಚಿಟ್ಟು ಹುಡುಕಿಸುವುದು, ಚೆಂಡನ್ನು ಹುಲ್ಲಿನಲ್ಲಿ ಎಸೆದು ತರಿಸುವುದು, ಅರ್ಧ ಗಂಟೆಯ ನಡಿಗೆಗಿಂತ ಹೆಚ್ಚು ಅದನ್ನು ದಣಿಸುತ್ತವೆ. ದಿನಕ್ಕೆ ಒಟ್ಟು ಒಂದು ಗಂಟೆಯ ಓಡಾಟವಂತೂ ಇರಲೇಬೇಕು. ವಾಸನೆ ಹಿಡಿದು ಹೊರಟ ಕಾಕರ್‌ಗೆ ಕರೆದದ್ದು ಕೇಳಿಸುವುದಿಲ್ಲವಾದ್ದರಿಂದ ರಸ್ತೆಯ ಬಳಿ ಎಷ್ಟೇ ಪಳಗಿದ್ದರೂ ಬೆಲ್ಟು ಬಿಚ್ಚಬಾರದು.

ಕಿವಿ: ಎಲ್ಲಕ್ಕಿಂತ ಮುಖ್ಯವಾದ ಆರೈಕೆ

ಕಾಕರ್ ಸಾಕುವವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು. ನಾಯಿಯ ಕಿವಿಯ ನಾಳ ಮೊದಲು ಕೆಳಮುಖವಾಗಿ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಕಾಕರ್‌ನಲ್ಲಿ ಆ ನಾಳದ ಮೇಲೆ ಭಾರವಾದ, ಕೂದಲು ತುಂಬಿದ ಕಿವಿಯ ಹಾಳೆ ಸದಾ ಮುಚ್ಚಿಕೊಂಡಿರುತ್ತದೆ. ಸಾಲದ್ದಕ್ಕೆ ಗುಗ್ಗೆ ಸ್ರವಿಸುವ ಗ್ರಂಥಿಗಳೂ ಈ ತಳಿಯಲ್ಲಿ ಹೆಚ್ಚು. ಗಾಳಿಯಾಡದ, ಬೆಚ್ಚಗಿನ, ತೇವದ ಆ ಜಾಗ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಜೂನಿನಿಂದ ಅಕ್ಟೋಬರಿನ ಮಳೆಯವರೆಗೆ ಇನ್ನೂ ಹೆಚ್ಚು ಎಚ್ಚರ ಬೇಕು.

ವಾರಕ್ಕೊಮ್ಮೆ, ಮತ್ತು ಸ್ನಾನವಾದ ಅಥವಾ ನೀರಿಗಿಳಿದ ದಿನವೇ, ಹೀಗೆ ಮಾಡಿ. ಬೆಳಕಿರುವ ಕಡೆ ನಾಯಿಯನ್ನು ಕೂರಿಸಿ, ಕಿವಿಯನ್ನು ಮೇಲಕ್ಕೆ ಮಗುಚಿ ಹಿಡಿದು ಮೊದಲು ಮೂಸಿ ನೋಡಿ. ಆರೋಗ್ಯವಾದ ಕಿವಿ ತಿಳಿ ಗುಲಾಬಿ ಬಣ್ಣವಿದ್ದು, ಹೆಚ್ಚೇನೂ ವಾಸನೆ ಬರುವುದಿಲ್ಲ. ಹುಳಿ ಹಿಟ್ಟಿನಂಥ ವಾಸನೆ, ಕಂದು ಬಣ್ಣದ ಜಿಡ್ಡು, ಕೆಂಪು, ಮುಟ್ಟಿದರೆ ನೋವು ಇದ್ದರೆ ಏನನ್ನೂ ಹಾಕದೆ ಪಶುವೈದ್ಯರಿಗೆ ತೋರಿಸಬೇಕು, ಏಕೆಂದರೆ ಒಳಗಿನ ತಮಟೆ ಹರಿದಿದ್ದರೆ ಸುರಿದ ಔಷಧವೇ ಕೆಡುಕು ಮಾಡಬಹುದು. ಕಿವಿ ಚೆನ್ನಾಗಿದ್ದರೆ, ವೈದ್ಯರು ಸೂಚಿಸಿದ ಕಿವಿ ತೊಳೆಯುವ ದ್ರಾವಣವನ್ನು ನಾಳ ತುಂಬುವಷ್ಟು ಹಾಕಿ, ಕಿವಿಯ ಬುಡವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅರ್ಧ ನಿಮಿಷ ಮೆಲ್ಲಗೆ ಹಿಸುಕುತ್ತಿರಬೇಕು. ಪಚಪಚ ಎಂಬ ಸದ್ದು ಬಂದರೆ ದ್ರಾವಣ ಒಳಗೆ ತಲುಪಿದೆ ಎಂದು ತಿಳಿಯಬಹುದು. ಕೈಬಿಟ್ಟ ಕೂಡಲೇ ನಾಯಿ ತಲೆ ಕೊಡವುತ್ತದೆ, ಕೊಡವಲು ಬಿಡಿ. ಒಳಗಿನ ಕೊಳೆ ಮೇಲೆ ಬರುವುದೇ ಹಾಗೆ. ಆಮೇಲೆ ಬೆರಳಿಗೆ ಸುತ್ತಿದ ಹತ್ತಿಯಿಂದ ಕಣ್ಣಿಗೆ ಕಾಣುವಷ್ಟನ್ನು ಮಾತ್ರ ಒರೆಸಬೇಕು. ಬಡ್ಸ್ ಹಾಕಿದರೆ ಕೊಳೆ ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ. ಕೊಬ್ಬರಿ ಎಣ್ಣೆ, ಅರಿಶಿನ, ಹೈಡ್ರೋಜನ್ ಪೆರಾಕ್ಸೈಡ್, ಇವ್ಯಾವುದೂ ಬೇಡ.

ಕಿವಿಯ ಒಳಮೈಯಲ್ಲಿ, ನಾಳದ ಬಾಯಿಯ ಸುತ್ತ ಮತ್ತು ಹಾಳೆಯ ಮೇಲಿನ ಮೂರನೇ ಒಂದು ಭಾಗದಲ್ಲಿ ಕೂದಲನ್ನು ಗಿಡ್ಡವಾಗಿ ಕತ್ತರಿಸಿದರೆ ಗಾಳಿ ಆಡುತ್ತದೆ. ಊಟಕ್ಕೆ ಬಾಯಿ ಕಿರಿದಾದ, ಆಳವಾದ ಬಟ್ಟಲನ್ನು ಇಟ್ಟರೆ ಕಿವಿಗಳು ಹೊರಗೆ ಉಳಿಯುತ್ತವೆ, ಅನ್ನ ಮೆತ್ತಿಕೊಳ್ಳುವುದಿಲ್ಲ. ಕೆರೆತಕ್ಕೆ ತಲೆಯನ್ನು ಬಹಳ ಕೊಡವಿ ಕಿವಿಯ ಹಾಳೆಯೊಳಗೆ ರಕ್ತ ತುಂಬಿ ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪದೇ ಪದೇ ಕಿವಿ ಸೋರುವ ನಾಯಿಗಳಲ್ಲಿ ಹಲವಕ್ಕೆ ಮೂಲ ಕಾರಣ ಚರ್ಮದ ಅಲರ್ಜಿಯಾಗಿರುವುದರಿಂದ ಬರಿಯ ತೊಟ್ಟು ಔಷಧಕ್ಕೆ ತೃಪ್ತರಾಗದೆ ಕಾರಣವನ್ನು ಹುಡುಕಿಸಬೇಕು.

ಕೂದಲು, ಬಿಸಿಲು

ಎದೆ, ಹೊಟ್ಟೆ, ಕಾಲುಗಳ ಹಿಂಬದಿಯ ಉದ್ದ ಕೂದಲು ಮುಳ್ಳುಪೊದೆಗಳಿಂದ ಚರ್ಮವನ್ನು ಕಾಯಲು ಬಂದದ್ದು. ನಮ್ಮಲ್ಲಿ ಅದೇ ಕೂದಲಿಗೆ ಉತ್ತರಾಣಿಯ ಬೀಜ, ಹುಲ್ಲಿನ ಊಬು ಹತ್ತಿಕೊಳ್ಳುತ್ತವೆ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿಯೋ ಗದ್ದೆಯ ಬದುವಿನಲ್ಲಿಯೋ ಅಡ್ಡಾಡಿ ಬಂದ ದಿನ ಬೆರಳ ಸಂದು, ಕಂಕುಳು, ಕಿವಿಯ ಒಳಭಾಗವನ್ನು ಬಿಡಿಸಿ ನೋಡಲೇಬೇಕು. ಊಬಿಗೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುವುದರಿಂದ ಅದು ಮುಂದಕ್ಕೆ ಮಾತ್ರ ಸಾಗಿ, ಚರ್ಮ ತೂರಿ, ಕೀವು ತುಂಬಿದ ಗಂಟಾಗುತ್ತದೆ.

ವಾರಕ್ಕೆ ಮೂರು ನಾಲ್ಕು ಸಲ ಬಾಚಬೇಕು. ಮೇಲ್ಮೈ ಬಾಚಿದರೆ ಸಾಲದು. ಕೂದಲನ್ನು ಪದರ ಪದರವಾಗಿ ಎತ್ತಿ ಚರ್ಮದವರೆಗೆ ಲೋಹದ ಬಾಚಣಿಗೆ ಹಾಯಬೇಕು. ಗಂಟಿದ್ದರೆ ನೀರು ಹಾಕುವ ಮೊದಲೇ ಬಿಡಿಸಿ. ನೆನೆದ ಗಂಟು ಬಿಗಿಯುತ್ತದೆ. ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ನಾಯಿಗಳ ಶಾಂಪೂವಿನಿಂದ ಸಾಕು. ಕೆಳತುಟಿಯ ಮಡಿಕೆಯಲ್ಲಿ ಜೊಲ್ಲು ನಿಂತು ವಾಸನೆ ಬರುವುದರಿಂದ ಅದನ್ನು ದಿನವೂ ಒರೆಸಿ ಒಣಗಿಸಬೇಕು.

ಶಿವರಾತ್ರಿ ಕಳೆಯಿತೆಂದರೆ ಎಲ್ಲ ಕೂದಲನ್ನೂ ಬೋಳಿಸುವ ಅಭ್ಯಾಸ ಕೆಲವರಿಗಿದೆ. ಬೆನ್ನಿನ ಕೂದಲು ಬಿಸಿಲನ್ನು ತಡೆಯುವುದರಿಂದ ಅದನ್ನು ಬೋಳಿಸದೆ, ಹೊಟ್ಟೆ ಮತ್ತು ತೊಡೆಯ ಕೆಳಭಾಗವನ್ನು ಮಾತ್ರ ಗಿಡ್ಡ ಮಾಡಿಸಿ. ಮಾರ್ಚಿನಿಂದ ಮೇವರೆಗೆ ನಡಿಗೆ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು, ಸಂಜೆಯದು ಹೊತ್ತು ಮುಳುಗಿದ ಮೇಲೆ. ಡಾಂಬರು ರಸ್ತೆಯ ಮೇಲೆ ಹಿಂಗೈಯನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ವಿಪರೀತ ತೇಕುವುದು, ಅಂಟು ಜೊಲ್ಲು, ಕಡುಗೆಂಪು ವಸಡು, ತೂರಾಡುವ ನಡಿಗೆ ಕಂಡರೆ ಅದು ಬಿಸಿಲಿನ ಹೊಡೆತ. ಕೂಡಲೇ ನೆರಳಿಗೆ ತಂದು, ಮೈಯೆಲ್ಲ ನೆನೆಯುವಂತೆ ನಲ್ಲಿಯ ನೀರು ಹಾಕಿ, ಫ್ಯಾನಿನ ಗಾಳಿ ಬಿಟ್ಟು, ತಣಿಸುತ್ತಲೇ ವೈದ್ಯರ ಬಳಿಗೆ ಒಯ್ಯಬೇಕು. ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಡಬಾರದು.

ಉಣ್ಣೆ, ನಾಲೆ, ಹಾವು

ಹಸು ಎಮ್ಮೆ ಓಡಾಡುವ ಕಡೆ ಉಣ್ಣೆ ಇದ್ದೇ ಇರುತ್ತದೆ. ಕಾಕರ್‌ನ ಕಿವಿಯ ಮಡಿಕೆ ಮತ್ತು ಬೆರಳ ಸಂದುಗಳು ಅದಕ್ಕೆ ಪ್ರಿಯವಾದ ತಾಣಗಳು. ಕಂಡದ್ದನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ಸ್ಪಿರಿಟ್ಟಿನಲ್ಲಿ ಹಾಕಬೇಕು. ಸೀಮೆಎಣ್ಣೆ ಹಚ್ಚುವುದಾಗಲಿ, ಮನೆಯಲ್ಲಿದೆಯೆಂದು ದನಗಳಿಗೆ ಹಚ್ಚುವ ಉಣ್ಣೆಯ ಔಷಧವನ್ನು ನಾಯಿಗೆ ಸವರುವುದಾಗಲಿ ಜೀವಕ್ಕೇ ಅಪಾಯ. ನಾಯಿಯ ತೂಕಕ್ಕೆ ತಕ್ಕ ಮಾತ್ರೆ ಅಥವಾ ಬೆನ್ನಿಗೆ ಹಾಕುವ ಹನಿಗಳನ್ನು ವೈದ್ಯರಿಂದ ಪಡೆಯಿರಿ. ಉಣ್ಣೆ ಕಚ್ಚಿದ ಕೆಲವು ವಾರಗಳಲ್ಲಿ ಜ್ವರ, ಊಟ ಬಿಡುವುದು, ಬಿಳಿಚಿದ ವಸಡು, ಮೂಗಿನಲ್ಲಿ ರಕ್ತ ಕಂಡರೆ ಉಣ್ಣೆಯಿಂದ ರಕ್ತಕ್ಕೆ ತಗಲುವ ಎರ್ಲಿಕಿಯಾ ಅಥವಾ ಬೆಬೀಸಿಯಾ ಸೋಂಕು ಇರಬಹುದು. ರಕ್ತಪರೀಕ್ಷೆ ಬೇಗ ಆದಷ್ಟೂ ನಾಯಿ ಉಳಿಯುವ ಸಾಧ್ಯತೆ ಹೆಚ್ಚು.

ಕಾಕರ್‌ಗೆ ನೀರೆಂದರೆ ಪ್ರಾಣ. ವಿಶ್ವೇಶ್ವರಯ್ಯ ನಾಲೆಯಂಥ ಹರಿವಿರುವ, ಜಾರುವ ಗೋಡೆಯ ನಾಲೆಗಳಿಗೆ ಅದನ್ನು ಇಳಿಸಬೇಡಿ. ಇಳಿದ ನಾಯಿ ಹತ್ತಲಾರದು. ಕಬ್ಬಿನ ಗದ್ದೆಯೊಳಗೆ ನುಗ್ಗಲು ಬಿಡುವುದೂ ತಪ್ಪು. ಇಲಿಗಳ ಬೆನ್ನಿಗೇ ನಾಗರಹಾವು, ಮಂಡಲದ ಹಾವುಗಳು ಅಲ್ಲಿರುತ್ತವೆ. ಕಚ್ಚಿದ್ದರೆ ಕೊಯ್ಯದೆ, ಬಿಗಿದು ಕಟ್ಟದೆ, ನಡೆಸದೆ ಎತ್ತಿಕೊಂಡು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಯನ್ನು ಫೋನಿನಲ್ಲಿ ವಿಚಾರಿಸಿಕೊಂಡೇ ಹೊರಡಬೇಕು.

ಊಟ

ಈ ತಳಿ ಎಷ್ಟು ಹಾಕಿದರೂ ತಿನ್ನುತ್ತದೆ, ಬಹಳ ಬೇಗ ಬೊಜ್ಜು ಬೆಳೆಸಿಕೊಳ್ಳುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಯಿಟ್ಟರೆ ಸುಲಭವಾಗಿ ಸಿಗುವಂತಿರುವುದು ಸರಿಯಾದ ಮೈಕಟ್ಟು. 13 ಕಿಲೋ ತೂಗುವ ವಯಸ್ಕ ನಾಯಿಗೆ ಒಣ ಆಹಾರವಾದರೆ ದಿನಕ್ಕೆ ಸುಮಾರು 200 ಗ್ರಾಂ, ಎರಡು ಹೊತ್ತಿಗೆ ಹಂಚಿ. ಮನೆಯ ಅಡುಗೆಯಾದರೆ ರಾಗಿ ಮುದ್ದೆಯನ್ನೋ ಅನ್ನವನ್ನೋ ಹಾಕಬಹುದು, ಆದರೆ ಬೇಯಿಸಿದ ಕೋಳಿ ಅಥವಾ ಮೊಟ್ಟೆ ಅದರ ಜೊತೆ ಇರಲೇಬೇಕು. ಬರಿ ಮುದ್ದೆ ಹಾಲಿನಲ್ಲಿ ಬೆಳೆದ ಮರಿಯ ಮೂಳೆ, ಸ್ನಾಯು ಎರಡೂ ಸೊರಗುತ್ತವೆ. ಮನೆಯ ಊಟವನ್ನೇ ನೆಚ್ಚಿದವರು ಕ್ಯಾಲ್ಸಿಯಂ ಮತ್ತಿತರ ಪೂರಕಗಳ ಬಗ್ಗೆ ವೈದ್ಯರನ್ನು ಕೇಳಬೇಕು. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು, ದ್ರಾಕ್ಷಿ, ಒಣದ್ರಾಕ್ಷಿ ಬಿದ್ದ ಪಾಯಸ, ಚಾಕೊಲೇಟು ವಿಷ. ಹಬ್ಬದ ದಿನ ಪ್ರೀತಿಗೆಂದು ಕೊಡುವ ಮೈಸೂರು ಪಾಕಿನ ತುಪ್ಪ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ದಾರಿ ಮಾಡಬಹುದು. ಬೆಂದ ಮೂಳೆ ಬೇಡ. ಜ್ವರ ಬಂದರೆ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲೇಬಾರದು.

ಹಲ್ಲು, ಉಗುರು, ಮುಂದಿನ ವರ್ಷಗಳು

ನಾಯಿಗಳ ಪೇಸ್ಟಿನಿಂದ ವಾರಕ್ಕೆ ಮೂರು ಸಲವಾದರೂ ಹಲ್ಲುಜ್ಜಿ. ನಡೆಯುವಾಗ ಟೈಲ್ಸ್ ಮೇಲೆ ಟಕಟಕ ಎಂದರೆ ಉಗುರು ಕತ್ತರಿಸುವ ಹೊತ್ತಾಗಿದೆ. ಮರಿ ಬೇಡದಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ವಯಸ್ಸನ್ನು ವೈದ್ಯರೊಡನೆ ನಿರ್ಧರಿಸಿ. ಅದರ ನಂತರ ಕಾಕರ್‌ನ ಕೂದಲು ಕುರಿಯ ತುಪ್ಪಳದಂತೆ ದಪ್ಪವಾಗುವುದುಂಟು, ಬಾಚುವ ಕೆಲಸ ಹೆಚ್ಚುತ್ತದೆ, ಊಟವನ್ನು ತುಸು ಇಳಿಸಬೇಕಾಗುತ್ತದೆ.

ಎಂಟು ವರ್ಷ ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಬೇಕು. ಕಣ್ಣು ಕೆಂಪಾಗಿ, ಮಬ್ಬಾಗಿ, ನಾಯಿ ಮುಖವನ್ನು ನೆಲಕ್ಕೆ ಒತ್ತುತ್ತಿದ್ದರೆ ಅದು ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಇರಬಹುದು. ಮರುದಿನಕ್ಕೆಂದು ಕಾಯದೆ ಅಂದೇ ತೋರಿಸಿದರೆ ಮಾತ್ರ ದೃಷ್ಟಿ ಉಳಿಯುವ ಅವಕಾಶವಿದೆ. ದೃಷ್ಟಿ ಮಂದವಾದ ನಾಯಿಯಿರುವ ಮನೆಯಲ್ಲಿ ನೀರಿನ ಬಟ್ಟಲು, ಹಾಸಿಗೆ, ಕುರ್ಚಿ ಮೇಜುಗಳನ್ನು ಇದ್ದಲ್ಲಿಂದ ಕದಲಿಸಬಾರದು, ಮೆಟ್ಟಿಲ ಬಾಯಿಗೆ ಅಡ್ಡಗೇಟು ಹಾಕಿಸಬೇಕು, ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು.